ಅಕ್ಕನ ಕೋಟಿನಡಿ ಒಂದು ರಾತ್ರಿ: ಹೋಮ್‌ಸ್ಟೆಡ್ ಬಯಲು ಒಡಹುಟ್ಟಿದವರಿಂದ ಕೇಳಿದ್ದೇನು?

ಅಮೆರಿಕದ ಉತ್ತರ ಡಕೋಟಾ ರಾಜ್ಯದಲ್ಲಿ ಸೆಂಟರ್ ಅಂತ ಒಂದು ಪುಟ್ಟ ಊರಿದೆ. ಆಲಿವರ್ ಕೌಂಟಿಯ ನಡುಭಾಗದಲ್ಲಿ ಇರುವುದರಿಂದ ಆ ಹೆಸರು. ಅಲ್ಲಿನ ಕೋರ್ಟ್ ಕಟ್ಟಡದ ಮುಂದೆ ಒಂದು ಗ್ರಾನೈಟ್ ಕಲ್ಲು ನಿಂತಿದೆ. 1936ರಲ್ಲಿ ರಾಜ್ಯದ ಮಾಜಿ ಗವರ್ನರ್ ಎಲ್.ಬಿ. ಹ್ಯಾನಾ ಕೊಡುಗೆಯಾಗಿ ನಿಲ್ಲಿಸಿದ್ದು. ಅದರ ಮೇಲಿರುವ ಹೆಸರು ಹೇಜಲ್ ಡಲ್ಸಿ ಮೈನರ್. ಶಾಲೆಗೆ ಹೋಗುತ್ತಿದ್ದ ರೈತನ ಮಗಳು. ಹುಟ್ಟಿದ್ದು 1904ರ ಏಪ್ರಿಲ್ 11, ತೀರಿಕೊಂಡಿದ್ದು 1920ರ ಮಾರ್ಚ್ 16. ಹದಿನಾರು ತುಂಬಲು ಇನ್ನೂ 26 ದಿನ ಬಾಕಿ ಇತ್ತು.

ಆಗಿದ್ದಿಷ್ಟು. ಶಾಲೆಯಿಂದ ಮನೆಗೆ ಹೊರಟ ಮೂವರು ಮಕ್ಕಳು ಹಿಮಗಾಳಿಗೆ ಸಿಕ್ಕಿದರು. ಗಾಡಿ ಮಗುಚಿತು. ಅಕ್ಕ ತನ್ನ ಮೈಯನ್ನೇ ತಮ್ಮ, ತಂಗಿಗೆ ಹೊದಿಕೆ ಮಾಡಿದಳು. ಮರುದಿನ ಅವರಿಬ್ಬರು ಬದುಕಿ ಸಿಕ್ಕರು, ಇವಳು ಬದುಕಿರಲಿಲ್ಲ.

ಇಷ್ಟು ಹೇಳಿದರೆ ಕೇಳಿದವರ ಗಂಟಲು ಕಟ್ಟುತ್ತದೆ, ನಿಜ. ಆದರೆ ಪ್ರಶ್ನೆಗಳು ಹಾಗೇ ಉಳಿಯುತ್ತವೆ. ಶಾಲೆಯಿಂದ ಮನೆಗೆ ಇದ್ದಿದ್ದು ಎರಡು, ಎರಡೂವರೆ ಮೈಲಿ. ನಮ್ಮ ಲೆಕ್ಕದಲ್ಲಿ ಹೆಚ್ಚೆಂದರೆ 4 ಕಿಲೋಮೀಟರ್. ಅಷ್ಟರಲ್ಲೇ ದಾರಿ ತಪ್ಪುವುದು ಹೇಗೆ? ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ಮನೆಯೂ ಇರಲಿಲ್ವಾ? ಇಂಥ ಹೊತ್ತಲ್ಲಿ ಏನು ಮಾಡಬೇಕು ಅಂತ 15 ವರ್ಷದ ಹುಡುಗಿಗೆ ಹೊಳೆದಿದ್ದಾದರೂ ಹೇಗೆ? ನನ್ನ ಮಟ್ಟಿಗೆ ಈ ಕೊನೆಯ ಪ್ರಶ್ನೆಯೇ ಮುಖ್ಯ. ಅದಕ್ಕೆ ಉತ್ತರ ಬೇಕಾದರೆ ಆ ರಾತ್ರಿಯಿಂದ 58 ವರ್ಷ ಹಿಂದಕ್ಕೆ, ಒಂದು ಕಾಯ್ದೆಯ ಹತ್ತಿರ ಹೋಗಬೇಕು.

1862ರ ಮೇ 20ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದರು. ಕಾಯ್ದೆಯ ಮಾತು ಸರಳ. ನಿಮಗೆ 21 ವರ್ಷ ತುಂಬಿರಬೇಕು, ಇಲ್ಲವೇ ಸಂಸಾರದ ಯಜಮಾನರಾಗಿರಬೇಕು. ಹಾಗಿದ್ದರೆ ಸರ್ಕಾರದ ಜಮೀನಿನಲ್ಲಿ 160 ಎಕರೆ ಗುರುತು ಮಾಡಿಕೊಳ್ಳಬಹುದು. ಶುಲ್ಕ ಎಲ್ಲ ಸೇರಿ ಸುಮಾರು 18 ಡಾಲರ್. ಎಕರೆ ಲೆಕ್ಕ ನಮಗೂ ಗೊತ್ತಿರುವುದೇ, 40 ಗುಂಟೆಗೆ ಒಂದು ಎಕರೆ. ಅಂದರೆ ಒಂದು ಸಂಸಾರಕ್ಕೆ 6,400 ಗುಂಟೆ! ಬಿಟ್ಟಿ ಸಿಕ್ಕ ಹಾಗೇ ಅಲ್ವಾ?

ಬಿಟ್ಟಿ ಏನೂ ಅಲ್ಲ. ಮೊದಲನೆಯದಾಗಿ, ಆ ನೆಲಕ್ಕೆ ಆಗಲೇ ಜನ ಇದ್ದರು. ಒಪ್ಪಂದ, ಒತ್ತಾಯ, ಯುದ್ಧ ಅಂತ ನಾನಾ ದಾರಿಯಲ್ಲಿ ಮೂಲನಿವಾಸಿಗಳಿಂದ ಕಿತ್ತುಕೊಂಡ ಮೇಲೆಯೇ ಅದು ‘ಸರ್ಕಾರದ ಜಮೀನು’ ಆಗಿದ್ದು. ಎರಡನೆಯದಾಗಿ, ಕಾಯ್ದೆಯಲ್ಲಿ ಒಂದು ಷರತ್ತು ಇತ್ತು. ಜಮೀನು ಹೆಸರಿಗೆ ಆಗಬೇಕಾದರೆ 5 ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಇರಬೇಕು, ಉತ್ತು ಬಿತ್ತಬೇಕು. ಊರಲ್ಲಿ ಮನೆ ಮಾಡಿಕೊಂಡು ದಿನಾ ಹೊಲಕ್ಕೆ ಹೋಗಿ ಬರುತ್ತೇನೆ ಅಂದರೆ ನಡೆಯುತ್ತಿರಲಿಲ್ಲ. 1912ರಲ್ಲಿ 5 ವರ್ಷವನ್ನು 3ಕ್ಕೆ ಇಳಿಸಿದರು. ಅಷ್ಟು ಹೊತ್ತಿಗೆ ಬಯಲಿನ ಚಹರೆಯೇ ಬದಲಾಗಿತ್ತು.

ಈ ಷರತ್ತೇ ಎಲ್ಲದರ ಬೇರು ಅಂತ ನನಗನಿಸುತ್ತದೆ. 160 ಎಕರೆ ಅಂದರೆ ಅರ್ಧ ಮೈಲಿ ಉದ್ದ, ಅರ್ಧ ಮೈಲಿ ಅಗಲದ ಚೌಕ. ಒಂದೊಂದು ಬದಿಯೂ 800 ಮೀಟರ್ ದಾಟುತ್ತದೆ. ಸರ್ವೆಯವರು ಇಡೀ ನಾಡನ್ನು ಚೌಕಾಬಾರಾ ಮನೆಯ ಹಾಗೆ ಗೆರೆ ಎಳೆದು ಹಂಚಿದ್ದರು. ಒಂದು ಚದರ ಮೈಲಿಗೆ ಹೆಚ್ಚೆಂದರೆ ನಾಲ್ಕು ಸಂಸಾರ. ರೈಲ್ವೆ ಕಂಪನಿಗಳಿಗೆ ಕೊಟ್ಟ ಜಾಗ, ಯಾರೂ ಬೇಡವೆಂದ ಜಾಗ ಕಳೆದರೆ ಅಷ್ಟೂ ಇಲ್ಲ. ನಮ್ಮ ಬಯಲುಸೀಮೆ ಊರುಗಳಲ್ಲಿ ಮನೆಗಳು ಒಂದಕ್ಕೊಂದು ಗೋಡೆ ತಾಗಿಸಿಕೊಂಡು ಕೂತಿರುತ್ತವೆ, ಹೊಲ ಊರಾಚೆ. ಅಲ್ಲಿ ತದ್ವಿರುದ್ಧ. ಊರೇ ಇಲ್ಲ, ಹೊಲದ ನಡುವೆ ಒಂಟಿ ಮನೆ.

ಇದೇ ನೆಲದಲ್ಲಿ ಬೇರೆ ಥರ ಬದುಕಿದ್ದವರೂ ಇದ್ದರು. ಮಿಸೌರಿ ನದಿಯ ಈ ಭಾಗದಲ್ಲಿ ಮಂಡಾನ್, ಹಿದಾತ್ಸಾ ಜನ ನೂರಾರು ವರ್ಷ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಬೆಳೆದುಕೊಂಡಿದ್ದರು. ಅವರ ಗುಮ್ಮಟದಂಥ ಮಣ್ಣಿನ ಮನೆಗಳು ಗುಂಪಾಗಿ ಇರುತ್ತಿದ್ದವು. ಚಳಿಗಾಲ ಬಂತೆಂದರೆ ಎತ್ತರದ ಊರು ಬಿಟ್ಟು ನದಿ ಪಕ್ಕದ ಮರಗಳ ಮರೆಗೆ ಇಳಿಯುತ್ತಿದ್ದರು. ಗಾಳಿ ತಪ್ಪುತ್ತಿತ್ತು, ಸೌದೆಯೂ ಸಿಗುತ್ತಿತ್ತು. ಅವರಲ್ಲಿ ಮನೆ ಹೆಂಗಸರದು. ಅಕ್ಕತಂಗಿಯರು ಮದುವೆಯಾದ ಮೇಲೂ ಒಂದೇ ಸೂರಿನಡಿ ಇರುತ್ತಿದ್ದರು, ಒಟ್ಟಿಗೆ ಹೊಲ ಮಾಡುತ್ತಿದ್ದರು. ಆ ಚಳಿಗೆ ಯಾವ ಬದುಕು ಒಗ್ಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಕಾಯ್ದೆ ಬರೆದವರು ಕೂತಿದ್ದು ದೂರದ ವಾಷಿಂಗ್ಟನ್ನಿನಲ್ಲಿ.

ಕಾಯ್ದೆಗೆ ಒಡಹುಟ್ಟಿದವರು ಸೇರಿ ಉಪಾಯ ಹೂಡಿದ್ದೂ ಉಂಟು. 1886ರಲ್ಲಿ ಸಾಲಮನ್ ಬುಚರ್ ಎಂಬ ಫೋಟೋಗ್ರಾಫರ್ ನೆಬ್ರಾಸ್ಕಾದ ಕಸ್ಟರ್ ಕೌಂಟಿಯಲ್ಲಿ ತೆಗೆದ ಒಂದು ಚಿತ್ರ ಪ್ರಸಿದ್ಧ. ಹುಲ್ಲುಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳಿಂದ ಕಟ್ಟಿದ ಮನೆ. ಅದರ ಮುಂದೆ ಕ್ರಿಸ್ಮನ್ ಮನೆತನದ ನಾಲ್ವರು ಅಕ್ಕತಂಗಿಯರು ನಿಂತಿದ್ದಾರೆ. ಮದುವೆಯಾಗದ ಹೆಂಗಸರಿಗೂ ಹೋಮ್‌ಸ್ಟೆಡ್ ಹಕ್ಕಿತ್ತು. ಒಬ್ಬಳು 1887ರಲ್ಲಿ ಅರ್ಜಿ ಹಾಕಿದಳು, ಇನ್ನೊಬ್ಬಳು ಮರುವರ್ಷ. ಚಿಕ್ಕವರು 21 ತುಂಬುವವರೆಗೆ ಕಾದರು. ಬಯಲಲ್ಲಿ ಒಬ್ಬಳೇ ಇರುವುದು ಆಗದ ಮಾತು. ಹಾಗಾಗಿ ಸರದಿ ಹಾಕಿಕೊಂಡು ಒಬ್ಬರ ಮನೆಯಲ್ಲಿ ಇನ್ನೊಬ್ಬರು ಇದ್ದು ವಾಸದ ಷರತ್ತು ಪೂರೈಸಿದರು. ಅಕ್ಕನ ಜಮೀನಿಗಾಗಿ ತಂಗಿ ತನ್ನ ವರ್ಷಗಳನ್ನು ಕೊಡುವುದು, ಆಮೇಲೆ ತಂಗಿಯದಕ್ಕೆ ಅಕ್ಕ. ಇದಕ್ಕೆ ಯಾರೂ ಕಲ್ಲು ನಿಲ್ಲಿಸುವುದಿಲ್ಲ.

ಸಾಮಾನ್ಯ ಸಂಸಾರದಲ್ಲಿ ಈ ಲೆಕ್ಕ ಇನ್ನೂ ಬಿಗಿ. ಕೂಲಿಯಾಳು ಇಟ್ಟುಕೊಳ್ಳಲು ದುಡ್ಡಿಲ್ಲ, ಅಜ್ಜಿ, ಚಿಕ್ಕಮ್ಮ, ಅತ್ತೆ ಎಲ್ಲ ಸಾವಿರಾರು ಮೈಲಿ ಆಚೆ ಉಳಿದಿದ್ದಾರೆ. ಅಪ್ಪ ಹೊಲದಲ್ಲಿ. ಅಮ್ಮನಿಗೆ ಹಾಲು, ಬೆಣ್ಣೆ, ಅಡುಗೆ, ಬಟ್ಟೆ, ಕೈಗೂಸು. ಇನ್ನು ಉಳಿದ ಕೈ ಯಾರದು? ಹಿರಿಮಗಳದು. ನೀರು ಸೇದಿ ತರುವುದು ಅವಳ ಕೆಲಸ. ಮರವಿಲ್ಲದ ಆ ಬಯಲಲ್ಲಿ ಒಲೆಗೆ ಒಣ ಸಗಣಿ ಆರಿಸಿ ತರಬೇಕಿತ್ತು. ನಮ್ಮ ಕಡೆ ಬೆರಣಿ ಇದ್ದ ಹಾಗೆ, ತಟ್ಟುವ ಕೆಲಸ ಒಂದಿಲ್ಲ ಅಷ್ಟೇ. ಜೊತೆಗೆ ಚಿಕ್ಕವರ ಗುಂಡಿ ಹಾಕುವುದು, ಶೂ ಕಟ್ಟುವುದು, ಶಾಲೆಗೆ ಕರೆದೊಯ್ಯುವುದು, ವಾಪಸ್ ತರುವುದು. ಇದಕ್ಕೆ ಮನೆಯಲ್ಲಿ ಯಾರೂ ‘ತ್ಯಾಗ’ ಅನ್ನುತ್ತಿರಲಿಲ್ಲ. ದಿನದ ಕೆಲಸ, ಅಷ್ಟೇ. ಬೇಸಾಯ ಜಾಸ್ತಿ ಇರುವ ತಿಂಗಳು ದೊಡ್ಡವರು ಶಾಲೆ ಬಿಟ್ಟು ನಿಲ್ಲಬೇಕು, ಚಿಕ್ಕವರು ಹೋಗಬಹುದು. ದೊಡ್ಡವಳು ಬಿಟ್ಟ ಪಾಠ ಹಾಗೇ ಬಿಟ್ಟುಹೋಗುತ್ತಿತ್ತು.

ಶಾಲೆಗಳೂ ಅದೇ ಚೌಕದ ಲೆಕ್ಕಕ್ಕೆ ಹುಟ್ಟಿದವು. ಆರು ಮೈಲಿ ಉದ್ದಗಲದ ಒಂದು ಟೌನ್‌ಶಿಪ್‌ನಲ್ಲಿ 36 ತುಂಡು. ಉತ್ತರ ಡಕೋಟಾದಲ್ಲಿ 16 ಮತ್ತು 36ನೇ ತುಂಡುಗಳ ಜಮೀನು ಶಾಲೆಗಳ ಖರ್ಚಿಗೆ ಮೀಸಲು. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು ಅಥವಾ ಮೇಡಂ. ಆರು ವರ್ಷದವರಿಂದ ಮೀಸೆ ಮೂಡುವವರವರೆಗೆ ಎಲ್ಲ ಅದರೊಳಗೇ. ದೂರದ ಮಕ್ಕಳು ಕುದುರೆ ಗಾಡಿಯಲ್ಲಿ ಬರುತ್ತಿದ್ದರಿಂದ ಪಕ್ಕದಲ್ಲೇ ಲಾಯ.

ಇಂಥ ಶಾಲೆಗಳಿಗೂ ಹಿಮಗಾಳಿಗೂ ಹಳೆಯ ವೈರ. 1888ರ ಜನವರಿ 12ರ ಬೆಳಗ್ಗೆ ಡಕೋಟಾ, ನೆಬ್ರಾಸ್ಕಾ ಕಡೆ ಹಿತವಾದ ಹವೆ ಇತ್ತು. ಎಷ್ಟೋ ಮಕ್ಕಳು ದಪ್ಪ ಕೋಟು ಹಾಕದೆ ಹೊರಟಿದ್ದರು. ಶಾಲೆ ನಡೆಯುತ್ತಿರುವಾಗಲೇ ಬಿರುಗಾಳಿ ಬಡಿಯಿತು. ಸತ್ತವರು 235 ಅಂತ ಅಂದಾಜು, ಅವರಲ್ಲಿ ಮಕ್ಕಳು ಬಹಳ. ಅದಕ್ಕೆ ‘ಶಾಲಾಮಕ್ಕಳ ಹಿಮಗಾಳಿ’ ಅಂತಲೇ ಹೆಸರು ಬಿತ್ತು. ನೆಬ್ರಾಸ್ಕಾದಲ್ಲಿ ಈಡಾ ಮತ್ತು ಮಟಿಲ್ಡಾ ವೆಸ್ಟ್‌ಫಾಲನ್ ಎಂಬ ಅಕ್ಕತಂಗಿ ದಾರಿ ತಪ್ಪಿ ಸತ್ತರು. ಈಡಾ ತನ್ನ ಮೈಮೇಲಿನ ಬೆಚ್ಚನೆ ಬಟ್ಟೆ ಬಿಚ್ಚಿ ತಂಗಿಗೆ ಸುತ್ತಿದ್ದಳು ಅಂತ ಆಗಿನ ಪತ್ರಿಕೆಗಳು ಬರೆದವು. ಇಬ್ಬರೂ ಉಳಿಯಲಿಲ್ಲ. ಹೇಜಲ್ ಹುಟ್ಟುವುದಕ್ಕೆ 16 ವರ್ಷ ಮೊದಲಿನ ಮಾತು ಇದು.

ನಾಲ್ಕು ಕಿಲೋಮೀಟರಲ್ಲಿ ದಾರಿ ತಪ್ಪುವುದು

ಹಿಮ ಬೀಳುವುದು ಬೇರೆ, ಹಿಮಗಾಳಿ ಬೇರೆ. ಅಮೆರಿಕದ ಹವಾಮಾನ ಇಲಾಖೆಯ ಪ್ರಕಾರ ಬ್ಲಿಝರ್ಡ್ ಅನ್ನಿಸಿಕೊಳ್ಳಲು ಗಾಳಿ ಗಂಟೆಗೆ 56 ಕಿ.ಮೀ. ಮುಟ್ಟಬೇಕು, 400 ಮೀಟರ್ ಆಚೆ ಏನೂ ಕಾಣಬಾರದು, ಇದು ಕನಿಷ್ಠ 3 ಗಂಟೆ ನಡೆಯಬೇಕು. ಆಕಾಶದಿಂದ ಹೊಸ ಹಿಮ ಬೀಳಲೇಬೇಕು ಅಂತಿಲ್ಲ. ನೆಲದಲ್ಲಿ ಬಿದ್ದಿದ್ದೇ ಮತ್ತೆ ಎದ್ದು ಹಾರಿದರೂ ಸಾಕು. ಅದು ಹತ್ತಿಯ ಹಾಗೆ ಮೆತ್ತಗೆ ಇಳಿಯುವ ಹಿಮವಲ್ಲ, ಮೈದಾಹಿಟ್ಟಿನಂಥ ಪುಡಿ. ಕಣ್ಣು, ಮೂಗು, ಬಟ್ಟೆಯ ಹೊಲಿಗೆ, ಎಲ್ಲದರೊಳಗೂ ನುಗ್ಗುತ್ತದೆ. ಮೇಲೆ ಬಿಳಿ, ಕೆಳಗೆ ಬಿಳಿ. ಗಾಡಿಯಲ್ಲಿ ಕೂತವರಿಗೆ ಮುಂದಿನ ಕುದುರೆಯ ಕಿವಿ ಕಾಣುವುದಿಲ್ಲ. ಬಯಲಿನ ಜನ ಮನೆಯಿಂದ ಕೊಟ್ಟಿಗೆಗೆ ಹಗ್ಗ ಕಟ್ಟಿಕೊಂಡು, ಅದನ್ನು ಹಿಡಿದುಕೊಂಡೇ ಹಸುವಿಗೆ ಮೇವು ಹಾಕಿ ಬರುತ್ತಿದ್ದರು. ತಮ್ಮದೇ ಅಂಗಳದಲ್ಲಿ! ಇನ್ನು ಎರಡು ಮೈಲಿ ಅಂದರೆ ಲೆಕ್ಕ ಹಾಕಿ. ಕೂಗಿದರೆ ಕೂಗು ಗಾಳಿ ಹೋದ ಕಡೆ ಹೋಗುತ್ತದೆ.

ಮಾರ್ಚ್ ತಿಂಗಳ ಹಿಮಗಾಳಿಗೆ ಇನ್ನೊಂದು ಕೆಟ್ಟ ಗುಣ ಇದೆ. ಆ ಹೊತ್ತಿಗೆ ಹಿಮ ಕರಗಲು ಶುರುವಾಗಿರುತ್ತದೆ. ಹಳ್ಳಗಳಲ್ಲಿ ನೀರು ನಿಂತಿರುತ್ತದೆ. ಚಳಿ ಹೆಪ್ಪುಗಟ್ಟಿದ ಜನವರಿಯಲ್ಲಿ ಬಿದ್ದರೆ ಒಣ ಹಿಮದಲ್ಲಿ ಬೀಳುತ್ತೀರಿ, ಮಾರ್ಚ್‌ನಲ್ಲಿ ಬಿದ್ದರೆ ನೀರಿಗೆ. ಹೇಜಲ್ ಕಥೆಯಲ್ಲಿ ಇದು ದೊಡ್ಡ ವಿಷಯ.

ಮಾರ್ಚ್ 15, ಸೋಮವಾರ

ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ಅಪ್ಪ ವಿಲಿಯಂ ಮೈನರ್ ಕುದುರೆ ಏರಿ ಶಾಲೆಗೆ ಬಂದರು. ಮಕ್ಕಳು ಬಂದಿದ್ದು ಸ್ಲೆಡ್‌ನಲ್ಲಿ, ಅಂದರೆ ಚಕ್ರದ ಬದಲು ಹಿಮದ ಮೇಲೆ ಜಾರುವ ಪಟ್ಟಿಗಳಿರುವ ಗಾಡಿಯಲ್ಲಿ. ಮೇಲೆ ಕ್ಯಾನ್ವಾಸ್ ಹೊದಿಕೆ. ಅದನ್ನು ಎಳೆಯುವ ಹೆಣ್ಣು ಕುದುರೆಯ ಹೆಸರು ಮೌಡ್. ಅಪ್ಪ ಮೂವರನ್ನೂ ಒಳಗೆ ಕೂರಿಸಿ, ಕಂಬಳಿ ಹೊದಿಸಿ, ಮೌಡ್‌ಳನ್ನು ಗಾಡಿಗೆ ಕಟ್ಟಿದರು. ‘ನನ್ನ ಕುದುರೆ ತರುವವರೆಗೆ ಇಲ್ಲೇ ಇರಿ’ ಅಂತ ಹೇಳಿ ಲಾಯಕ್ಕೆ ಹೋದರು. ವಾಪಸ್ ಬರುವಷ್ಟರಲ್ಲಿ ಗಾಡಿ ಇರಲಿಲ್ಲ. ಮೌಡ್ ಗೇಟು ದಾಟಿ ಹೊರಟಿದ್ದಳು. ಹೇಜಲ್‌ಗೆ ಅವಳನ್ನು ತಡೆದು ನಿಲ್ಲಿಸುವಷ್ಟು ಬಲ ಇರಲಿಲ್ಲ. ಅಪ್ಪ ದಾರಿಯುದ್ದ ಹುಡುಕಿದರು. ಮನೆ ಸೇರಿರಬಹುದು ಅಂತ ಮನೆಗೆ ಹೋಗಿ ನೋಡಿದರು. ಅಲ್ಲೂ ಇಲ್ಲ.

ಗಾಡಿಯಲ್ಲಿದ್ದಿದ್ದು ಹೇಜಲ್, ಹತ್ತು ಹನ್ನೊಂದರ ತಮ್ಮ ಎಮೆಟ್, ಎಂಟರ ತಂಗಿ ಮೈರ್ಡಿತ್. ಮುಂದಿನದ್ದೆಲ್ಲ ನಮಗೆ ಗೊತ್ತಿರುವುದು ಎಮೆಟ್ ಆಮೇಲೆ ಹೇಳಿದ್ದರಿಂದ. ಒಂದು ಕಡೆ ಗಾಡಿ ಹಿಮ ಮುಚ್ಚಿದ ಹಳ್ಳಕ್ಕೆ ಇಳಿಯಿತು. ಕುದುರೆಗೆ ಬಿಗಿದ ಪಟ್ಟಿ ಕಳಚಿಕೊಂಡಿತು. ಅದನ್ನು ಸರಿಮಾಡಲು ಹೇಜಲ್ ಕೆಳಗಿಳಿದಳು. ಮೇಲ್ಗಡೆ ಹಿಮ, ಅಡಿಯಲ್ಲಿ ನೀರು. ಸೊಂಟದವರೆಗೆ ಒದ್ದೆಯಾದಳು, ಶೂ ತುಂಬಾ ನೀರು. ಪಟ್ಟಿ ಸರಿಮಾಡಿ ಮತ್ತೆ ಮುಂದೆ ಸಾಗಿದರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಎಲ್ಲರೂ ಕೋಟಿನ ಕಥೆ ಹೇಳುತ್ತಾರೆ, ಶೂಗಳ ಕಥೆ ಯಾರೂ ಹೇಳುವುದಿಲ್ಲ. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಎಳೆಯುತ್ತದೆ. ಉಣ್ಣೆ ಬಟ್ಟೆ ಬೆಚ್ಚಗಿಡುವುದು ಅದರೊಳಗೆ ಸಿಕ್ಕಿಬಿದ್ದ ಗಾಳಿಯಿಂದ, ಒದ್ದೆಯಾದರೆ ಆ ಗಾಳಿಯ ಜಾಗಕ್ಕೆ ನೀರು ಬರುತ್ತದೆ. ಹಳ್ಳದಿಂದ ಮೇಲೆ ಬಂದ ಹೊತ್ತಿಗೇ ಅವಳು ಮಿಕ್ಕ ಇಬ್ಬರಿಗಿಂತ ಬಹಳ ಹಿಂದೆ ಬಿದ್ದಿದ್ದಳು. ಅವರಿಬ್ಬರೂ ಒದ್ದೆಯಾಗಿರಲಿಲ್ಲ. ಯಾಕೆ? ಇಳಿಯುವುದು ಅಕ್ಕನ ಕೆಲಸ ಆಗಿತ್ತು. ಅದು ಆ ಮನೆಯಲ್ಲಿ ಯಾವತ್ತೋ ತೀರ್ಮಾನವಾಗಿದ್ದ ವಿಷಯ. ಆ ಗಳಿಗೆಯಲ್ಲಿ ಯೋಚಿಸಿ ಮಾಡಿದ ತ್ಯಾಗ ಅಂತ ನನಗೆ ಅನಿಸುವುದಿಲ್ಲ.

ಮತ್ತೆ ಸ್ವಲ್ಪ ದೂರದಲ್ಲಿ ಸ್ಲೆಡ್ ಪಕ್ಕಕ್ಕೆ ಮಗುಚಿತು. ಮೂವರೂ ಕ್ಯಾನ್ವಾಸ್ ಹೊದಿಕೆಯ ಒಳಕ್ಕೆ ಬಿದ್ದರು. ಗಾಡಿಯನ್ನು ನೆಟ್ಟಗೆ ಮಾಡಲು ಅವರಿಂದ ಆಗಲಿಲ್ಲ. ಕತ್ತಲಾಗುತ್ತಿತ್ತು. ಮಗುಚಿದ ಗಾಡಿಯ ಒಳಗೇ ಒಂದು ಗವಿಯಂಥ ಜಾಗ ಆಗಿತ್ತು. ಹೇಜಲ್ ಅಡಿಗೆ ಕಂಬಳಿ ಹಾಸಿದಳು, ಇಬ್ಬರನ್ನೂ ಮಲಗಿಸಿದಳು, ಮೇಲೆ ಹೊದಿಸಿದಳು. ಗಾಳಿ ಹೊದಿಕೆ ಎತ್ತಿ ಎತ್ತಿ ಹಾಕುತ್ತಿತ್ತು. ಕೊನೆಗೆ ಕೋಟಿನ ಗುಂಡಿ ಬಿಚ್ಚಿ, ಎರಡೂ ಕಡೆ ಅಗಲಿಸಿ, ಅವರ ಮೇಲೆ ತಾನೇ ಬೋರಲು ಮಲಗಿದಳು.

ರಾತ್ರಿಯಿಡೀ ಅವರಿಬ್ಬರನ್ನು ಮಲಗಲು ಬಿಡಲಿಲ್ಲ. ಕಾಲು ಆಡಿಸಿ ಅಂದಳು. ಒಬ್ಬರಿಗೊಬ್ಬರು ಗುದ್ದಿಕೊಳ್ಳಿ ಅಂದಳು. ಬೇರೆ ದಿನ ಆಗಿದ್ದರೆ ಇದೇ ಗುದ್ದಾಟ ಬಿಡಿಸಿ ಇಬ್ಬರಿಗೂ ಬೈಯುತ್ತಿದ್ದಳೋ ಏನೋ! ಕಥೆ ಹೇಳಿದಳು, ಶಾಲೆಯಲ್ಲಿ ಕಲಿತ ಹಾಡು ಹಾಡಿಸಿದಳು, ಪ್ರಾರ್ಥನೆ ಹೇಳಿಸಿದಳು.

ವೈದ್ಯರ ಕಣ್ಣಿನಿಂದ ನೋಡಿದರೆ ಅವಳು ಮಾಡಿದ ಒಂದೊಂದಕ್ಕೂ ಕಾರಣ ಇದೆ. ನಮ್ಮ ಮೈ ಒಳಗಿನ ಶಾಖ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35ಕ್ಕಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಮೊದಲು ಗಡಗಡ ನಡುಕ. ನಡುಕ ಅಂದರೆ ಸ್ನಾಯುಗಳು ಶಾಖ ಹುಟ್ಟಿಸಲು ಮಾಡುವ ಒದ್ದಾಟ. ಇನ್ನೂ ಇಳಿದರೆ ನಡುಕವೇ ನಿಲ್ಲುತ್ತದೆ, ಮಂಪರು ಬರುತ್ತದೆ, ‘ಸುಮ್ನೆ ಮಲಗೋಣ’ ಅನಿಸುತ್ತದೆ. ಅಲ್ಲಿಂದ ಕೈಕಾಲು ಆಡಿಸುವುದೂ ನಿಲ್ಲುತ್ತದೆ. ಚಿಕ್ಕ ಮಕ್ಕಳಿಗೆ ಅಪಾಯ ಜಾಸ್ತಿ. ತೂಕ ಕಮ್ಮಿ, ಆದರೆ ಆ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ಸಣ್ಣ ಲೋಟದ ಕಾಫಿ ಬೇಗ ಆರುವ ಹಾಗೆ. ಅಡಿಗೆ ಕಂಬಳಿ ಹಾಸಿದ್ದರಿಂದ ನೆಲ ಶಾಖ ಎಳೆಯುವುದು ತಗ್ಗಿತು. ಇಬ್ಬರೂ ಒತ್ತಿಕೊಂಡು ಮಲಗಿದ್ದರಿಂದ ಗಾಳಿಗೆ ಒಡ್ಡಿದ ಮೈ ಕಮ್ಮಿಯಾಯಿತು. ಅವಳ ಮೈ ಗವಿಯ ಬಾಯಿಗೆ ಬಾಗಿಲಾಯಿತು, ಹೊದಿಕೆಗೆ ಭಾರವೂ ಆಯಿತು. ಗಾಡಿ ಬಿಟ್ಟು ನಡೆದು ಹೋಗದಿದ್ದದ್ದು ಎಲ್ಲಕ್ಕಿಂತ ದೊಡ್ಡ ಜಾಣತನ. ಹಿಮಗಾಳಿಗೆ ಸಿಕ್ಕಿದರೆ ವಾಹನ ಬಿಟ್ಟು ಇಳಿಯಬೇಡಿ ಅಂತಲೇ ಇವತ್ತಿಗೂ ಅಲ್ಲಿ ಹೇಳುವುದು.

ಇದನ್ನೆಲ್ಲ ಅವಳಿಗೆ ಯಾರೂ ಪಾಠ ಮಾಡಿರಲಿಲ್ಲ. ಆದರೆ ಹಾಸುವುದು, ಹೊದಿಸುವುದು, ಹಠ ಮಾಡುವವರನ್ನು ಕಥೆ ಹೇಳಿ ದಾರಿಗೆ ತರುವುದು, ಇವೆಲ್ಲ ಮನೆಯಲ್ಲಿ ಹಿರಿಮಗಳು ದಿನಾ ರಾತ್ರಿ ಮಾಡುವ ಕೆಲಸಗಳೇ. ಆ ರಾತ್ರಿ ಅವಳ ಕೈಗೆ ಬಂದಿದ್ದು ಅದೇ ಅಭ್ಯಾಸ. ಬಯಲಿನ ಬದುಕು ಹಿರಿಯ ಮಕ್ಕಳನ್ನು ಹೇಗೆ ತಯಾರು ಮಾಡಿತ್ತು ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ. ಪತ್ರಿಕೆಗಳು ಅವಳನ್ನು ದೇವತೆ ಮಾಡಿದವು. ನನಗೆ ಅದು ಸ್ವಲ್ಪ ಅನ್ಯಾಯ ಅನಿಸುತ್ತದೆ. ದೇವತೆಗೆ ಚಳಿಯಾಗುವುದಿಲ್ಲ, ಶೂನಲ್ಲಿ ನೀರು ತುಂಬುವುದಿಲ್ಲ. ಮಕ್ಕಳು ಇಂಥ ಹೊರೆ ಹೊರಬೇಕಾದ ಬದುಕನ್ನು ಕಟ್ಟಿದ್ದು ಯಾರು ಅಂತ ಕೇಳುವ ಗೋಜೂ ಇರುವುದಿಲ್ಲ.

ಮೂವತ್ತಕ್ಕೂ ಹೆಚ್ಚು ಜನ ಹುಡುಕಲು ಹೊರಟರು. ಕತ್ತಲಾದ ಮೇಲೆ ನಿಲ್ಲಿಸಬೇಕಾಯಿತು. ಮಂಗಳವಾರ ಮತ್ತೆ ಶುರು. ಮಧ್ಯಾಹ್ನ ಸುಮಾರು 2 ಗಂಟೆಗೆ, ಮಕ್ಕಳು ಶಾಲೆ ಬಿಟ್ಟು 25 ಗಂಟೆ ಆದ ಮೇಲೆ, ಶಾಲೆಯಿಂದ ಎರಡು ಮೈಲಿ ದೂರದ ಹುಲ್ಲುಗಾವಲಿನಲ್ಲಿ ಗಾಡಿ ಕಂಡಿತು. ಹೇಜಲ್ ಮೈ ಸೆಟೆದು ಹೋಗಿತ್ತು, ತೋಳು ಚಾಚಿದ ಹಾಗೇ ಇದ್ದವು. ಅವಳ ಕೋಟಿನ ಕೆಳಗೆ ಎಮೆಟ್, ಮೈರ್ಡಿತ್ ಉಸಿರಾಡುತ್ತಿದ್ದರು. ಹತ್ತಿರದ ಹೊಲದ ಮನೆಗೆ ಒಯ್ದು ಅವಳಿಗೂ ಗಂಟೆಗಟ್ಟಲೆ ಉಪಚಾರ ಮಾಡಿ ನೋಡಿದರು. ಮೂರು ದಿನದ ಆ ಬಿರುಗಾಳಿ ಉತ್ತರ ಡಕೋಟಾದಲ್ಲಿ ಬಲಿ ತೆಗೆದುಕೊಂಡ 34 ಜನರಲ್ಲಿ ಅವಳೂ ಒಬ್ಬಳಾದಳು.

ಅವಳ ಬದುಕು, ಸಾವಿನ ಕಥೆ ಆಲಿವರ್ ಕೌಂಟಿಯ ದಾಖಲೆಗಳಲ್ಲಿ ಇದೆ, ಅಪರಿಚಿತರೇ, ಓದಿ ಅಂತ ಕಲ್ಲಿನ ಮೇಲೆ ಬರೆದಿದೆ. ಕುದುರೆಯ ಹೆಸರು ಅದರಲ್ಲಿಲ್ಲ. ಹುಡುಕಿ ಬಂದವರು ನೋಡಿದಾಗ ಮೌಡ್ ಗಾಡಿಗೆ ಕಟ್ಟಿದ ಹಾಗೇ ನಿಂತಿದ್ದಳು. ರಾತ್ರಿ ಅವಳೇನಾದರೂ ನಾಲ್ಕು ಹೆಜ್ಜೆ ಎಳೆದಿದ್ದರೆ ಮಗುಚಿದ ಗಾಡಿ ಮಕ್ಕಳ ಮೇಲಿಂದ ಸರಿದುಹೋಗುತ್ತಿತ್ತು.